ಪೂರಕ ಪಾಠ: ದೀಪ ಉರಿದರೆ ಸಾಲದು

ನೀವು ಮಗ್ಗದ ಶೆಡ್ಡಿನಲ್ಲಿ ದುಡಿಯುತ್ತಿರಬಹುದು. ಇಲ್ಲವೇ ದೊಡ್ಡ ಕಟ್ಟಡದಲ್ಲಿ ಕಾವಲು ಕೆಲಸ ಮಾಡುತ್ತಿರಬಹುದು. ಅಲ್ಲಿಯ ಮೀಟರ್ ಕೋಣೆಯನ್ನು ನೆನಪು ಮಾಡಿಕೊಳ್ಳಿ. ಕೆಲವು ಕಡೆ ಗೋಡೆಯ ಮೇಲೆ ಎರಡು ದಪ್ಪ ಕೇಬಲ್ ಅಕ್ಕಪಕ್ಕ ಇರುತ್ತವೆ. ಎರಡೂ ಒಂದೇ ಮೇನ್ ಸ್ವಿಚ್ಚಿನಿಂದ ಹೊರಡುತ್ತವೆ. ಎರಡೂ ಒಂದೇ ಬೋರ್ಡಿಗೆ ಸೇರುತ್ತವೆ. ಇವನ್ನು ಜೋಡಿ ಕೇಬಲ್ ಎನ್ನೋಣ.

ಎರಡು ಯಾಕೆ?

ಸೋಲಾಪುರದಲ್ಲಿ ಚಾದರ, ಟಾವೆಲ್ ನೇಯುವ ವಿದ್ಯುತ್ ಮಗ್ಗಗಳು ಬಹಳ. ಒಂದು ಶೆಡ್ಡಿಗೆ ಪ್ರತಿ ಫೇಸಿನಲ್ಲಿ 200 ಆಂಪಿಯರ್ ಕರೆಂಟ್ ಬೇಕು ಎಂದಿಟ್ಟುಕೊಳ್ಳಿ. ಇದಕ್ಕೆ ಒಂದೇ ಕೇಬಲ್ ಹಾಕಿದರೆ ಅದು ತುಂಬ ದಪ್ಪ ಇರಬೇಕು. ಅದನ್ನು ಬಗ್ಗಿಸುವುದು, ಎಳೆಯುವುದು ಕಷ್ಟ. ಅದಕ್ಕೇ ಎರಡು ಸಣ್ಣ ಕೇಬಲ್ ಹಾಕುತ್ತಾರೆ. ಒಂದೊಂದು 100 ಆಂಪಿಯರ್ ಹೊರುತ್ತದೆ. ಒಂದು ನೊಗಕ್ಕೆ ಎರಡು ಎತ್ತು ಹೂಡಿದ ಹಾಗೆ.

ಆದರೆ ಒಂದು ವ್ಯತ್ಯಾಸ ಉಂಟು. ಒಂದು ಎತ್ತು ಕುಸಿದರೆ ಬಂಡಿ ನಿಲ್ಲುತ್ತದೆ. ಎಲ್ಲರಿಗೂ ಗೊತ್ತಾಗುತ್ತದೆ. ಒಂದು ಕೇಬಲಿನ ತುದಿ ಸಡಿಲವಾಗಿ ಕೈಬಿಟ್ಟರೆ ಮಗ್ಗ ನಿಲ್ಲುವುದಿಲ್ಲ. ದೀಪವೂ ಆರುವುದಿಲ್ಲ. "ಕರೆಂಟ್ ಐತಲ್ಲ, ಮತ್ಯಾಕ ಚಿಂತಿ?" ಅಂತ ನಾವು ಸುಮ್ಮನಿರುತ್ತೇವೆ.

ಒಳಗೆ ಏನಾಗುತ್ತದೆ? ಉಳಿದ ಕೇಬಲ್ ಒಂದೇ 200 ಆಂಪಿಯರ್ ಹೊರುತ್ತದೆ. ಕರೆಂಟ್ ಎರಡು ಪಟ್ಟಾದರೆ ಹುಟ್ಟುವ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಫ್ಯೂಜ್ ಹೋಗುತ್ತದಲ್ಲ ಎನ್ನಬೇಡಿ. ಫ್ಯೂಜ್ ಹಾಕಿದ್ದೇ ಜೋಡಿಯ ಲೆಕ್ಕಕ್ಕೆ. ಅದಕ್ಕೆ 200 ಆಂಪಿಯರ್ ಹೆಚ್ಚಲ್ಲ. ಸಾಮಾನ್ಯ ಪಿವಿಸಿ ಕೇಬಲಿನ ಒಳತಂತಿ 70 ಡಿಗ್ರಿ ಬಿಸಿಯವರೆಗೆ ತಾಳುತ್ತದೆ. ಸೋಲಾಪುರದ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ. ಹೊದಿಕೆ ಮೆತ್ತಗಾಗಿ ಸುಟ್ಟರೆ ಬೆಂಕಿ. ಪಕ್ಕದಲ್ಲೇ ಹತ್ತಿಯ ನೂಲು, ಹತ್ತಿಯ ಧೂಳು.

ಎರಡೂ ಸರಿಸಮ ಇರಬೇಕು

ಜೋಡಿ ಕೇಬಲ್ ಎರಡೂ ಒಂದೇ ಲೋಹದವು, ಒಂದೇ ದಪ್ಪದವು, ಒಂದೇ ಉದ್ದದವು ಆಗಿರಬೇಕು. ಒಂದು 20 ಮೀಟರ್, ಇನ್ನೊಂದು 30 ಮೀಟರ್ ಇದ್ದರೆ ಏನಾಗುತ್ತದೆ? ಗಿಡ್ಡ ಕೇಬಲಿನಲ್ಲಿ ಸುಮಾರು 120 ಆಂಪಿಯರ್ ಹರಿಯುತ್ತದೆ. ಉದ್ದದ್ದರಲ್ಲಿ ಬರೀ 80. ಕರೆಂಟಿಗೆ ಅಡ್ಡಿ ಕಡಿಮೆ ಇರುವ ದಾರಿಯೇ ಇಷ್ಟ.

ನೀವು ನೋಡಬಹುದಾದದ್ದು

ಪೆಟ್ಟಿಗೆ ತೆರೆಯಬೇಡಿ. ಕೈ ಹಾಕಬೇಡಿ. ದೂರದಿಂದಲೇ ಗಮನಿಸಿ.
1. ಒಂದು ಕೇಬಲಿನ ಹೊದಿಕೆ ಬಣ್ಣ ಬದಲಾಗಿದೆಯೇ? ಉಬ್ಬಿದೆಯೇ? ಬಿರುಕು ಬಿಟ್ಟಿದೆಯೇ?
2. ಸುಟ್ಟ ರಬ್ಬರಿನಂಥ ವಾಸನೆ ಬರುತ್ತದೆಯೇ?
3. ಪೆಟ್ಟಿಗೆಯಿಂದ ಚಿರ್‌ಚಿರ್ ಸದ್ದು ಕೇಳುತ್ತದೆಯೇ?
ಯಾವುದೊಂದು ಕಂಡರೂ ಮಾಲಕರಿಗೆ ಹೇಳಿ, ಪರವಾನಗಿ ಇರುವ ವೈರ್‌ಮನ್‌ನನ್ನು ಕರೆಸಿ. ಹೊಗೆ ಕಂಡರೆ ಮೇನ್ ಆರಿಸಿ, ಹೊರಗೆ ಬನ್ನಿ. ನೀರು ಎರಚಬೇಡಿ.

ವೈರ್‌ಮನ್ ಮಾಡಬೇಕಾದದ್ದು

ಮೊದಲ ತಪಾಸಣೆ ಮಗ್ಗಗಳು ನಡೆಯುತ್ತಿರುವಾಗ. ಕೊಕ್ಕೆ ಮೀಟರಿನಿಂದ ಒಂದೊಂದೇ ತಂತಿಯ ಕರೆಂಟ್ ಅಳೆಯಬೇಕು. ಇಡೀ ಕೇಬಲಿಗೆ ಕೊಕ್ಕೆ ಹಾಕಿದರೆ ಮೂರು ಫೇಸುಗಳ ಕರೆಂಟ್ ಒಂದಕ್ಕೊಂದು ವಜಾ ಆಗಿ ಸೊನ್ನೆಯ ಹತ್ತಿರ ತೋರಿಸುತ್ತದೆ. ಮೊದಲ ಕೇಬಲಿನ ಕೆಂಪು ತಂತಿಯನ್ನು ಎರಡನೆಯದರ ಕೆಂಪಿಗೆ ಹೋಲಿಸಬೇಕು. ಹಳದಿ, ನೀಲಿ, ಕಪ್ಪು ತಂತಿಗಳಿಗೂ ಹಾಗೆಯೇ.

ಎರಡನೆಯ ತಪಾಸಣೆ ಕರೆಂಟ್ ಆರಿಸಿ. ಮೇನ್ ಆರಿಸಿ ಬೀಗ ಹಾಕಬೇಕು. ಕರೆಂಟ್ ಇಲ್ಲ ಎಂದು ಪರೀಕ್ಷಿಸಬೇಕು. ಆಮೇಲೆ ಪ್ರತಿ ಕೇಬಲಿನ ಎರಡೂ ತುದಿ ಬಿಚ್ಚಬೇಕು. ಎರಡೂ ಯಾಕೆ? ಜೋಡಿ ಕೂಡಿಯೇ ಇದ್ದರೆ, ತುಂಡಾದ ತಂತಿಯೂ ಪಕ್ಕದ ಕೇಬಲಿನ ಮೂಲಕ 'ಸರಿ' ಎಂದೇ ತೋರಿಸುತ್ತದೆ. ಬಿಚ್ಚಿದ ಮೇಲೆ 500 ವೋಲ್ಟಿನ ಮೆಗ್ಗರ್‌ನಿಂದ ಹೊದಿಕೆ ಪರೀಕ್ಷಿಸಬೇಕು. ಕನಿಷ್ಠ 1 ಮೆಗಾ ಓಮ್ ಬರಬೇಕು. ತಿರುಗಿ ಜೋಡಿಸುವಾಗ ಬಣ್ಣಕ್ಕೆ ಬಣ್ಣ ಕೂಡಿರಬೇಕು. ಕೆಂಪಿಗೆ ಹಳದಿ ಕೂಡಿದರೆ ಮೇನ್ ಹಾಕಿದ ಕೂಡಲೇ ಶಾರ್ಟ್ ಆಗುತ್ತದೆ.

ನೆನಪಿಡಿ

"ಈ ಕಡೆ ಬಿಚ್ಚೀನಿ, ಇನ್ನ ಇದರಾಗ ಕರೆಂಟ್ ಇಲ್ಲ" ಅನ್ನುವ ಮಾತು ಜೀವ ತೆಗೆಯುತ್ತದೆ. ಮೇನ್ ಆರಿಸದೆ ಒಂದು ಕೇಬಲಿನ ಒಂದು ತುದಿ ಬಿಚ್ಚಿದರೆ ಆ ತುದಿ ಸತ್ತಿರುವುದಿಲ್ಲ. ಕರೆಂಟ್ ಪಕ್ಕದ ಕೇಬಲಿನಲ್ಲಿ ಬೋರ್ಡಿನವರೆಗೆ ಹೋಗಿ, ಬಿಚ್ಚಿದ ಕೇಬಲಿನೊಳಗೆ ಹಿಂದಿರುಗಿ ಬರುತ್ತದೆ. ಫೇಸಿನಿಂದ ಫೇಸಿಗೆ 415 ವೋಲ್ಟ್, ಫೇಸಿನಿಂದ ನೆಲಕ್ಕೆ ಸುಮಾರು 240 ವೋಲ್ಟ್. ನೀವು ಸಹಾಯಕರಾಗಿ ನಿಂತಿದ್ದರೆ ಕೇಳಿ: "ಮೇನ್ ಆರಿಸೀರಿ? ಬೀಗ ಹಾಕೀರಿ? ಟೆಸ್ಟ್ ಮಾಡೀರಿ?" ಕೇಳುವುದರಲ್ಲಿ ನಾಚಿಕೆ ಇಲ್ಲ.

ಹೊಸ ಪದಗಳನ್ನು ಓದಿ, ಬರೆಯಿರಿ

ಜೋಡಿ, ಹೊದಿಕೆ, ಸಡಿಲ, ತಪಾಸಣೆ, ಪರವಾನಗಿ, ಆಂಪಿಯರ್.

ಅಭ್ಯಾಸ

1. ಒಂದು ಕೇಬಲ್ ಕೈಬಿಟ್ಟರೂ ಫ್ಯೂಜ್ ಯಾಕೆ ಹೋಗುವುದಿಲ್ಲ?
2. ವೈರ್‌ಮನ್ ಬರೆದ ಲೆಕ್ಕ ಹೀಗಿದೆ. ಕೆಂಪು: 90 ಮತ್ತು 88. ಹಳದಿ: 92 ಮತ್ತು 90. ನೀಲಿ: 176 ಮತ್ತು 2. ತೊಂದರೆ ಯಾವ ಬಣ್ಣದ ತಂತಿಯಲ್ಲಿದೆ? ಯಾವ ಕೇಬಲಿನದು ಕೈಬಿಟ್ಟಿದೆ?
3. ನೀವು ಕೆಲಸ ಮಾಡುವ ಕಟ್ಟಡದಲ್ಲಿ ಜೋಡಿ ಕೇಬಲ್ ಇದೆಯೇ? ಹೋಗಿ ನೋಡಿ. ಕೊನೆಯ ಸಲ ತಪಾಸಣೆ ಆದ ತಾರೀಖು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ.