ಕಾಲವನ್ನು ಮೀರಿದ ಮುಷ್ಟಿಯುದ್ಧ

ದ್ವಾಪರದ ಭೀಮನೂ ತ್ರೇತೆಯ ವಾಲಿಯೂ ಒಂದೇ ಕಣದಲ್ಲಿ ಇಳಿದಿದ್ದರೆ ಗೆಲುವು ಯಾರದಾಗುತ್ತಿತ್ತು? ಪುರಾಣ ಕೇಳುವ ಮಕ್ಕಳು ಒಮ್ಮೆಯಾದರೂ ಕೇಳುವ ಪ್ರಶ್ನೆಯಿದು. ಹಿರಿಯರು ನಕ್ಕು ಸುಮ್ಮನಾಗುವುದೂ ವಾಡಿಕೆ. ಆದರೆ ಅಮೆರಿಕದಲ್ಲಿ ಇಂತಹುದೇ ಪ್ರಶ್ನೆಯೊಂದನ್ನು ಗಣಕಯಂತ್ರದ ಮುಂದಿಟ್ಟು, ಅದರಿಂದ ಉತ್ತರವನ್ನು ಪಡೆದು, ಆ ಉತ್ತರವನ್ನು ಚಲಚ್ಚಿತ್ರವಾಗಿ ತೆಗೆದು, ಹಣ ಕೊಟ್ಟು ನೋಡಲು ಜನರನ್ನು ಕರೆದರು. ಆ ಉತ್ತರಕ್ಕೆ ಎಷ್ಟು ಬೆಲೆ ಕೊಡಬಹುದೆಂಬುದನ್ನು ವಿಚಾರಮಾಡುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ.

1967ರಲ್ಲಿ ಮಯಾಮಿಯ ಮರ್ರೇ ವೊರೊನರ್ ಎಂಬ ರೇಡಿಯೋ ನಿರ್ಮಾಪಕನು ಎಲ್ಲ ಕಾಲಗಳ ಹೆವಿವೇಟ್ ಜಗಜಟ್ಟಿಗಳನ್ನು ಒಂದು ಕಾಲ್ಪನಿಕ ಪಂದ್ಯಾವಳಿಯಲ್ಲಿ ಸೆಣಸಿಸಿದನು. ಮುಷ್ಟಿಯುದ್ಧವನ್ನು ಬಲ್ಲವರ ಅಭಿಪ್ರಾಯಗಳನ್ನು ಸಂಗ್ರಹಿಸಿ, ಪ್ರತಿಯೊಬ್ಬ ಜಟ್ಟಿಯ ದಾಖಲೆ, ಶೈಲಿ, ಬಲ, ದೌರ್ಬಲ್ಯಗಳನ್ನು ಅಂಕಿಗಳಾಗಿ ಮಾಡಿ, ಎನ್.ಸಿ.ಆರ್. 315 ಎಂಬ ಯಂತ್ರಕ್ಕೆ ಉಣಿಸಲಾಯಿತು. ಅದು ಕೊಟ್ಟ ಫಲಿತಾಂಶವನ್ನು ಪಂದ್ಯದ ವೀಕ್ಷಕವಿವರಣೆಯಂತೆ ಬಿತ್ತರಿಸಿದರು. ಕೊನೆಯಲ್ಲಿ ರಾಕಿ ಮಾರ್ಸಿಯಾನೋ ಜ್ಯಾಕ್ ಡೆಂಪ್ಸಿಯನ್ನು ಸೋಲಿಸಿದನೆಂದು ತೀರ್ಪು ಬಂದಿತು. ಮುಹಮ್ಮದ್ ಅಲಿಯಾದರೋ ಜಿಮ್ ಜೆಫ್ರೀಸ್‌ನಿಗೆ ಸೋತನಂತೆ!

ಅಲಿಗೆ ಇದು ಬರಿಯ ವಿನೋದವಾಗಿ ತೋರಲಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಸೈನ್ಯಕ್ಕೆ ಸೇರಲು ನಿರಾಕರಿಸಿದುದಕ್ಕಾಗಿ ಅವನ ಪದವಿಯನ್ನೂ ಕಣಕ್ಕಿಳಿಯುವ ಹಕ್ಕನ್ನೂ ಕಿತ್ತುಕೊಳ್ಳಲಾಗಿತ್ತು. ನಿಜವಾಗಿ ಕಾದುವ ಅವಕಾಶವಿಲ್ಲದವನನ್ನು ಯಂತ್ರವೂ ಸೋಲಿಸಿತೆಂದರೆ ಹೇಗಾಗಬೇಡ! ಅವನು ಹತ್ತು ಲಕ್ಷ ಡಾಲರುಗಳ ಮಾನನಷ್ಟ ಮೊಕದ್ದಮೆ ಹೂಡಿದನು. ಕಡೆಗೆ 10,000 ಡಾಲರುಗಳಿಗೆ ರಾಜಿಯಾಗಿ, ಮಾರ್ಸಿಯಾನೋವಿನೊಡನೆ ಒಂದು ಚಿತ್ರದಲ್ಲಿ ಅಭಿನಯಿಸಲು ಒಪ್ಪಿದನು. 49 ಪಂದ್ಯಗಳನ್ನಾಡಿ ಒಂದರಲ್ಲೂ ಸೋಲದೆ 1956ರಲ್ಲಿ ನಿವೃತ್ತನಾಗಿದ್ದ ಮಾರ್ಸಿಯಾನೋ ಇದಕ್ಕಾಗಿ ಮೈತೂಕವನ್ನು ಇಳಿಸಿ, ತಲೆಗೆ ಕೃತಕ ಕೂದಲನ್ನು ಧರಿಸಿ ಬಂದನು. 1969ರಲ್ಲಿ ಚಿತ್ರಣ ನಡೆಯಿತು. ಬೇರೆ ಬೇರೆ ಅಂತ್ಯಗಳನ್ನು ತೆಗೆದಿರಿಸಿಕೊಂಡುದರಿಂದ ಇಬ್ಬರಿಗೂ ಫಲಿತಾಂಶ ತಿಳಿದಿರಲಿಲ್ಲ. ಕೆಲವು ವಾರಗಳಲ್ಲಿಯೇ, ಆಗಸ್ಟ್ 31ರಂದು, ಮಾರ್ಸಿಯಾನೋ ವಿಮಾನಾಪಘಾತದಲ್ಲಿ ಮಡಿದನು. 1970ರ ಜನವರಿ 20ರಂದು ಅಮೆರಿಕದ ಪ್ರೇಕ್ಷಕರು ಕಂಡ ಚಿತ್ರದಲ್ಲಿ ಅವನು ಅಲಿಯನ್ನು 13ನೆಯ ಸುತ್ತಿನಲ್ಲಿ ನೆಲಕ್ಕುರುಳಿಸಿದನು.

ಹಾಗಾದರೆ ಯಂತ್ರವು ಇಂತಹ ತೀರ್ಪನ್ನು ಹೇಗೆ ಕೊಡಬಲ್ಲುದು? ಒಂದು ಸರಳವಾದ ಬಗೆಯನ್ನು ನೋಡೋಣ. ಒಂದು ಸುತ್ತನ್ನು ಮೊದಲನೆಯ ಜಟ್ಟಿ ಗೆಲ್ಲುವ ಸಂಭಾವ್ಯತೆ 100ಕ್ಕೆ 55 ಎಂದಿಟ್ಟುಕೊಳ್ಳಿ. ಯಂತ್ರವು 1ರಿಂದ 100ರವರೆಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸುತ್ತದೆ. ಅದು 55ನ್ನು ಮೀರದಿದ್ದರೆ ಸುತ್ತು ಮೊದಲನೆಯವನದು, ಮೀರಿದರೆ ಎರಡನೆಯವನದು. ಹೀಗೆ 15 ಸುತ್ತುಗಳನ್ನು ಆಡಿಸಿದರೆ ಒಂದು ಪಂದ್ಯ. 1940ರ ದಶಕದಲ್ಲಿ ಉಲಾಮ್, ಫಾನ್ ನಾಯ್ಮನ್ ಮೊದಲಾದವರು ನ್ಯೂಟ್ರಾನುಗಳ ಸಂಚಾರವನ್ನು ಲೆಕ್ಕಹಾಕಲು ಬಳಕೆಗೆ ತಂದು, ಜೂಜಿಗೆ ಹೆಸರಾದ ಊರಿನ ಹೆಸರನ್ನಿಟ್ಟ ಮಾಂಟೆ ಕಾರ್ಲೋ ವಿಧಾನದ ಬೀಜವೂ ಇದೇ.

ಈಗ ಲೆಕ್ಕವನ್ನು ಮಾಡಿದರೆ ಒಂದು ಸ್ವಾರಸ್ಯವು ಕಾಣುತ್ತದೆ. ಪ್ರತಿಯೊಂದು ಸುತ್ತಿನಲ್ಲಿ 100ಕ್ಕೆ 55ರ ಅನುಕೂಲವಿರುವವನು 15ರಲ್ಲಿ 8 ಅಥವಾ ಅದಕ್ಕೆ ಮೇಲ್ಪಟ್ಟ ಸುತ್ತುಗಳನ್ನು ಗೆಲ್ಲುವ ಸಂಭಾವ್ಯತೆ 100ಕ್ಕೆ ಸುಮಾರು 65. ಪಂಡಿತರು ತಮ್ಮ ಅಂದಾಜಿನಲ್ಲಿ ತುಸು ಎಡವಿ 55ರ ಬದಲು 45 ಎಂದು ಬರೆದರೆ ಅದು 35ಕ್ಕೆ ಇಳಿಯುತ್ತದೆ. ಸುತ್ತಿನಲ್ಲಿ ಹತ್ತರ ವ್ಯತ್ಯಾಸವು ಪಂದ್ಯದಲ್ಲಿ ಮೂವತ್ತರ ವ್ಯತ್ಯಾಸವಾಯಿತು! ಯಂತ್ರವು ಕೂಡಿ ಕಳೆಯುವುದರಲ್ಲಿ ತಪ್ಪುಮಾಡದು, ನಿಜ. ಆದರೆ ಉಣಿಸಿದ ಅಭಿಪ್ರಾಯವನ್ನು ಅದು ಅಳತೆಯನ್ನಾಗಿ ಮಾರ್ಪಡಿಸಲಾರದು. ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೆ. ಯಂತ್ರವೇ ಹೇಳಿತೆಂದು ಕೈಮುಗಿಯುವವರು ಇದನ್ನು ಮರೆಯುತ್ತಾರೆ.

ಅಭಿಪ್ರಾಯದ ಬದಲು ನಿಜವಾದ ಅಳತೆಯೇ ದೊರೆಯುವಂತಿದ್ದರೆ? 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಫ್ರ್ಯಾಂಕ್ ಬ್ರೂನೋ ಎಂಬ ಹೆವಿವೇಟ್ ಜಟ್ಟಿಯ ಗುದ್ದನ್ನು ಉಪಕರಣಗಳಿಂದ ಅಳೆದರು. ಅವನ ಮುಷ್ಟಿ ಅರ್ಧ ಮೀಟರಿನಷ್ಟು ದೂರವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕ್ರಮಿಸಿ, ಸೆಕೆಂಡಿಗೆ 8.9 ಮೀಟರ್ ವೇಗದಲ್ಲಿ ಗುರಿಯನ್ನು ತಾಕಿತು. ಬಲವು 4,000 ನ್ಯೂಟನ್‌ಗಳನ್ನು ಮೀರಿತು. 6 ಕಿಲೋಗ್ರಾಂ ತೂಕದ, ಮೆತ್ತೆ ಸುತ್ತಿದ ಮರದ ಕೊಡತಿಯಿಂದ ಅದೇ ವೇಗದಲ್ಲಿ ಹೊಡೆದಂತೆ ಎಂದು ಅವರು ಹೋಲಿಸಿದರು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿ ನೋಡಿರಿ: ಚಲನಶಕ್ತಿ ಸುಮಾರು 238 ಜೌಲ್. ಆ ಕೊಡತಿಯನ್ನು ನಾಲ್ಕು ಮೀಟರ್ ಎತ್ತರದಿಂದ ತಲೆಯ ಮೇಲೆ ಬಿಟ್ಟಂತಾಯಿತು. ಅಷ್ಟು ದೊಡ್ಡ ಆಳಿನ ಒಂದು ತೋಳು ತೂಗುವುದು ಸುಮಾರು 5 ಕಿಲೋಗ್ರಾಂ ಎಂಬುದನ್ನು ನೆನೆದರೆ, ಗುದ್ದಿನಲ್ಲಿ ತೋಳಲ್ಲದೆ ಮೈಯೂ ಪಾಲುಗೊಳ್ಳುವುದು ತಿಳಿಯುತ್ತದೆ.

ಈ ಅಳತೆಯು ಬ್ರೂನೋವಿನದು. 1892ರವರೆಗೆ ಜಗಜಟ್ಟಿಯಾಗಿದ್ದ ಜಾನ್ ಸಲಿವನ್ ಯಾವ ಉಪಕರಣಕ್ಕೂ ಹೀಗೆ ಗುದ್ದಿದವನಲ್ಲ. ಹಳೆಯ ಜಟ್ಟಿಗಳ ವಿಷಯದಲ್ಲಿ ನಮಗೆ ಉಳಿದಿರುವುದು ಎತ್ತರ, ತೂಕ, ತೋಳುಗಳ ಹರವು, ಸೋಲುಗೆಲುವುಗಳ ಪಟ್ಟಿ ಮತ್ತು ಕಂಡವರ ವರ್ಣನೆ. ಇವುಗಳಲ್ಲಿಯೂ ಮೋಸಹೋಗುವುದು ಸುಲಭ. ಅಲಿಯ ಹರವು 78 ಅಂಗುಲ, ಮಾರ್ಸಿಯಾನೋವಿನದು 68. ಆದುದರಿಂದ ಅಲಿಯ ಕೈ ಹತ್ತು ಅಂಗುಲ ಉದ್ದವೆನ್ನುವವರುಂಟು. ಹರವನ್ನು ಅಳೆಯುವುದು ಎರಡೂ ತೋಳುಗಳನ್ನು ಚಾಚಿ, ಬೆರಳತುದಿಯಿಂದ ಬೆರಳತುದಿಗೆ. ಒಂದು ಕೈಗೆ ಬರುವ ವ್ಯತ್ಯಾಸ ಐದೇ ಅಂಗುಲ!

ಇದಕ್ಕಿಂತ ಗಹನವಾದ ಸಂಗತಿ ಮತ್ತೊಂದಿದೆ. ಕಣ್ಣಿಗೆ ಕಂಡುದಕ್ಕೆ ಕೈಯೋ ಕುತ್ತಿಗೆಯೋ ಉತ್ತರ ಕೊಡಲು ಸಾಮಾನ್ಯವಾಗಿ ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ಬ್ರೂನೋವಿನ ಗುದ್ದು ಮುಗಿಯಲು ಅದರ ಅರ್ಧದಷ್ಟು ಕಾಲ ಸಾಕು. ಎಂದರೆ, ಹೊರಟ ಗುದ್ದನ್ನು ನೋಡಿ ತಪ್ಪಿಸಿಕೊಳ್ಳುವುದು ಮನುಷ್ಯಮಾತ್ರದವರಿಂದ ಸಾಧ್ಯವಿಲ್ಲ. ಎದುರಾಳಿಯ ಭುಜ, ಪಾದ, ಮೈವಾಲುಗಳಿಂದ ಅದನ್ನು ಮುಂಚೆಯೇ ಊಹಿಸಬೇಕು. ಕೈಗಳನ್ನು ಇಳಿಬಿಟ್ಟು, ತಲೆಯನ್ನು ಹಿಂದಕ್ಕೆಳೆದುಕೊಂಡು ಗುದ್ದನ್ನು ಗಾಳಿಯ ಪಾಲುಮಾಡುತ್ತಿದ್ದ ಅಲಿಯ ವಿದ್ಯೆಯೆಲ್ಲ ಈ ಊಹೆಯಲ್ಲಿತ್ತು. ಇದನ್ನು ಯಾವ ಅಂಕಿಯಿಂದ ಬರೆಯೋಣ? ಮೇಲಾಗಿ, ಊಹೆಯು ಎದುರಾಳಿಯನ್ನು ಅವಲಂಬಿಸಿದೆ. ಬಾಗಿ, ನೆಲಕ್ಕೆ ಕುಗ್ಗಿ ನುಗ್ಗುತ್ತಿದ್ದ ಮಾರ್ಸಿಯಾನೋವಿನಂತಹವನ ಮುಂದೆ ಅದು ಎಷ್ಟು ಫಲಿಸುತ್ತಿತ್ತೆಂಬುದನ್ನು ಅಲಿಯೊಬ್ಬನ ದಾಖಲೆಯಿಂದ ಹೇಳಲಾಗದು.

ಇನ್ನು, ಯಾರ ಕಾಲದ ನಿಯಮ? 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜೆರ್ಸಿ ಜೋ ವಾಲ್ಕಾಟನನ್ನು ಮಾರ್ಸಿಯಾನೋ 13ನೆಯ ಸುತ್ತಿನಲ್ಲಿ ಒಂದೇ ಬಲಗೈ ಹೊಡೆತದಿಂದ ಕೆಡವಿ ಜಗಜಟ್ಟಿಯಾದನು. ಆ ಹೊತ್ತಿಗೆ ಮೂವರು ತೀರ್ಪುಗಾರರ ಪಟ್ಟಿಗಳಲ್ಲಿಯೂ ವಾಲ್ಕಾಟನೇ ಮುಂದಿದ್ದನು. 15 ಸುತ್ತುಗಳ ಪಂದ್ಯವು 12ಕ್ಕೆ ಇಳಿದುದು 1980ರ ದಶಕದಲ್ಲಿ. ಆ ನಿಯಮವು 1952ರಲ್ಲಿಯೇ ಇದ್ದಿದ್ದರೆ ಅಂಕಗಳ ಲೆಕ್ಕದಲ್ಲಿ ಆ ರಾತ್ರಿ ಪದವಿ ವಾಲ್ಕಾಟನಲ್ಲಿಯೇ ಉಳಿಯುತ್ತಿತ್ತು. ಸೋಲನ್ನರಿಯದ 49 ಪಂದ್ಯಗಳ ದಾಖಲೆಯೂ ಇರುತ್ತಿರಲಿಲ್ಲ. ಅಂದು ಅವನ ತೂಕ 184 ಪೌಂಡು. ಇಂದಿನ ಪ್ರಮುಖ ಸಂಸ್ಥೆಗಳ ಲೆಕ್ಕದಲ್ಲಿ 200 ಪೌಂಡಿಗಿಂತ ಕೆಳಗಿನವನು ಹೆವಿವೇಟ್ ವರ್ಗದವನೇ ಅಲ್ಲ.

ಇಬ್ಬರಿಗೂ ಸಮಾನನಾದ ಎದುರಾಳಿಯ ಮೂಲಕ ಹೋಲಿಸಬಾರದೇಕೆ ಎಂದು ಕೆಲವರು ಕೇಳಬಹುದು. ಅಂತಹವನೊಬ್ಬನಿದ್ದನು: ಆರ್ಚಿ ಮೂರ್. ಮಾರ್ಸಿಯಾನೋ ಅವನನ್ನು 1955ರಲ್ಲಿ 9ನೆಯ ಸುತ್ತಿನಲ್ಲಿಯೂ, ಅಲಿ 1962ರಲ್ಲಿ 4ನೆಯ ಸುತ್ತಿನಲ್ಲಿಯೂ ಸೋಲಿಸಿದರು. ಅಲಿಯೇ ಮೇಲೆನ್ನೋಣವೇ? ಆದರೆ 1962ರ ಮೂರ್ ನಲವತ್ತೈದನ್ನು ದಾಟಿದ್ದನು. ಅಳತೆಗೋಲೇ ಏಳು ವರ್ಷಗಳಲ್ಲಿ ಸವೆದಿತ್ತು.

ಸವೆಯದ ಅಳತೆಗೋಲಿದ್ದರೂ ತೊಡಕು ತಪ್ಪದು. 1971ರ ಮಾರ್ಚ್ 8ರಂದು ಜೋ ಫ್ರೇಜಿಯರ್ ಅಲಿಯನ್ನು ಸೋಲಿಸಿದನು. 1973ರ ಜನವರಿಯಲ್ಲಿ ಜಾರ್ಜ್ ಫೋರ್ಮನ್ ಎರಡೇ ಸುತ್ತುಗಳಲ್ಲಿ ಫ್ರೇಜಿಯರನನ್ನು ಆರು ಸಲ ಕೆಡವಿದನು. ಹಾಗಾದರೆ ಫೋರ್ಮನ್ ಅಲಿಯನ್ನು ಹೊಸಕಿಹಾಕಬೇಕಾಗಿತ್ತು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ನಡೆದುದು ತದ್ವಿರುದ್ಧ: ಅಲಿ 8ನೆಯ ಸುತ್ತಿನಲ್ಲಿ ಫೋರ್ಮನನನ್ನು ಮಲಗಿಸಿದನು. 5 ಎಂಬುದು 4ಕ್ಕಿಂತ, 4 ಎಂಬುದು 3ಕ್ಕಿಂತ ದೊಡ್ಡದಾದರೆ 5 ಎಂಬುದು 3ಕ್ಕಿಂತ ದೊಡ್ಡದೆಂಬ ನ್ಯಾಯವು ಸಂಖ್ಯೆಗಳಿಗೆ ಸಲ್ಲುತ್ತದೆ, ಜಟ್ಟಿಗಳಿಗೆ ಸಲ್ಲಬೇಕೆಂದಿಲ್ಲ.

ಇದು ವಿಚಿತ್ರವೆಂದು ತೋರಿದರೆ ಮನೆಯಲ್ಲಿಯೇ ಪರೀಕ್ಷಿಸಬಹುದು. ಮೂರು ದಾಳಗಳನ್ನು ಮಾಡಿಕೊಳ್ಳಿ. ಮೊದಲನೆಯದರ ಆರು ಮುಖಗಳ ಮೇಲೆ 2, 2, 4, 4, 9, 9 ಎಂದೂ, ಎರಡನೆಯದರ ಮೇಲೆ 1, 1, 6, 6, 8, 8 ಎಂದೂ, ಮೂರನೆಯದರ ಮೇಲೆ 3, 3, 5, 5, 7, 7 ಎಂದೂ ಬರೆಯಿರಿ. ಪ್ರತಿಯೊಂದರ ಮೊತ್ತವೂ 30. ಎರಡೆರಡನ್ನು ಒಟ್ಟಿಗೆ ಎಸೆದು, ಹೆಚ್ಚು ಬಿದ್ದುದು ಗೆದ್ದಿತೆಂದು ಎಣಿಸಿರಿ. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನೇ, 9ಕ್ಕೆ 5ರಂತೆ ಸೋಲಿಸುತ್ತದೆ! ಏಕೆಂಬುದನ್ನು 36 ಜೋಡಿಗಳ ಕೋಷ್ಟಕವನ್ನು ಬರೆದು ಕಂಡುಕೊಳ್ಳಬಹುದು. 90 ಸಲ ಎಸೆದರೆ ಗೆಲ್ಲಬೇಕಾದ ದಾಳಕ್ಕೆ 50ರ ಸುಮಾರಿಗೆ ಗೆಲುವುಗಳು ಬರಬೇಕು. 45 ಬಂದರೂ 55 ಬಂದರೂ ಆಶ್ಚರ್ಯವಿಲ್ಲ. 30ಕ್ಕಿಂತ ಕಡಮೆ ಬಂದರೆ ಮಾತ್ರ ದಾಳದ ಮೂಲೆಗಳು ಸಮನಾಗಿವೆಯೇ ಎಂದು ನೋಡಿಕೊಳ್ಳಿರಿ.