ತುಪ್ಪುಳಿನ ಮರುಬಳಕೆ: ಉಷ್ಣದ ಪಾಠಕ್ಕೊಂದು ಪೂರಕ ಅಧ್ಯಯನ

ಉಷ್ಣವಾಹಕ ಮತ್ತು ಉಷ್ಣನಿರೋಧಕಗಳನ್ನು ಬೋಧಿಸುವಾಗ ನಾವೆಲ್ಲರೂ ಕಂಬಳಿಯ ಉದಾಹರಣೆಯನ್ನು ಕೊಡುತ್ತೇವೆ. ಕಂಬಳಿಯು ತಾನಾಗಿ ಶಾಖವನ್ನು ಉಂಟುಮಾಡುವುದಿಲ್ಲ, ಅದರ ಎಳೆಗಳ ನಡುವೆ ಸಿಲುಕಿದ ಗಾಳಿಯು ಮೈಯ ಶಾಖವು ಹೊರಹೋಗದಂತೆ ತಡೆಯುತ್ತದೆ ಎಂಬಲ್ಲಿಗೆ ಪಾಠವು ಸಾಮಾನ್ಯವಾಗಿ ಮುಗಿಯುತ್ತದೆ. ಅದೇ ತತ್ತ್ವವನ್ನು ಇನ್ನೂ ಸ್ಪಷ್ಟವಾಗಿ ತೋರಿಸುವ, ಜೊತೆಗೆ ತ್ಯಾಜ್ಯದ ಪ್ರಶ್ನೆಯನ್ನೂ ಎತ್ತುವ ವಸ್ತುವೊಂದಿದೆ. ಅದು ಬಾತು ಮತ್ತು ಹೆಬ್ಬಾತುಗಳ ತುಪ್ಪುಳು.

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಇದಕ್ಕೆ ‘ಡೌನ್’ ಎನ್ನುತ್ತಾರೆ. ಅನುವಾದಿತ ಅಭ್ಯಾಸಹಾಳೆಯೊಂದರಲ್ಲಿ ‘ಡೌನ್ ಜಾಕೆಟ್’ ಎಂಬುದು ‘ಕೆಳ ಜಾಕೆಟ್’ ಆಗಿದ್ದುದನ್ನು ನಾನು ಕಂಡಿದ್ದೇನೆ. ವಿದ್ಯಾರ್ಥಿಯೊಬ್ಬ ಅದನ್ನು ಚಡ್ಡಿಯೆಂದು ತಿಳಿದು ಚಿತ್ರ ಬರೆದಿದ್ದ. ತಪ್ಪು ಅವನದಲ್ಲ. ತುಪ್ಪುಳು ಎಂಬ ಹಳೆಯ ಮಾತು ಕನ್ನಡದಲ್ಲಿ ಇರುವಾಗ ಅದನ್ನೇ ಕಪ್ಪುಹಲಗೆಯ ಮೇಲೆ ಬರೆಯುವುದು ಲೇಸು.

ನೀರುಹಕ್ಕಿಯ ಹೊರಗರಿಗಳ ಕೆಳಗೆ, ಮೈಗೆ ಅಂಟಿದಂತೆ, ಇರುವುದೇ ತುಪ್ಪುಳು. ಹೊರಗರಿಗೆ ನಡುವೆ ಗಟ್ಟಿಯಾದ ದಂಟಿದೆ, ತುಪ್ಪುಳಿಗೆ ಅದಿಲ್ಲ. ಒಂದು ಬಿಂದುವಿನಿಂದ ನೂರಾರು ನವಿರಾದ ಎಳೆಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಗಾಳಿಯಲ್ಲಿ ತೇಲುವ ಎಕ್ಕದ ಬೀಜದ ಕುಚ್ಚನ್ನು ನೆನಪಿಸಿದರೆ ಮಕ್ಕಳಿಗೆ ರೂಪವು ಹೊಳೆಯುತ್ತದೆ. ನಮ್ಮ ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಇದರಲ್ಲಿಯೂ ಇದೆ. ಇದರ ಗುಣವನ್ನು ಅಳೆಯುವ ಕ್ರಮವು ಗಣಿತದ ಪಾಠಕ್ಕೂ ಒದಗುತ್ತದೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳನ್ನು ಕೊಳವೆಯಲ್ಲಿ ಹಾಕಿ, ಮೇಲೆ ಹಗುರವಾದ ಬಿಲ್ಲೆಯನ್ನಿಟ್ಟು, ಅದು ಎಷ್ಟು ಘನ ಅಂಗುಲಗಳಷ್ಟು ಜಾಗ ತುಂಬಿತೆಂದು ನೋಡುತ್ತಾರೆ. 700 ಎಂಬ ಅಂಕವು ಬಂದರೆ ಆ 28 ಗ್ರಾಂ ತುಪ್ಪುಳು ಸುಮಾರು ಹನ್ನೊಂದೂವರೆ ಲೀಟರಿನಷ್ಟು ಉಬ್ಬಿ ನಿಂತಿದೆ ಎಂದರ್ಥ. ಉಳಿದುದೆಲ್ಲ ಗಾಳಿ.

ಪರ್ವತಾರೋಹಿಗಳಿಗೆ ಈ ಹಗುರತನವೇ ಬೇಕಾಗಿತ್ತು. 1922ರ ಎವರೆಸ್ಟ್ ಆರೋಹಣದಲ್ಲಿ ಜಾರ್ಜ್ ಫಿಂಚ್ ಬಲೂನಿನ ಬಟ್ಟೆಯೊಳಗೆ ತುಪ್ಪುಳು ತುಂಬಿದ ಅಂಗಿಯನ್ನು ತೊಟ್ಟಿದ್ದನು. ಅಮೆರಿಕದ ಎಡ್ಡಿ ಬಾಯರ್ ತುಪ್ಪುಳು ತುಂಬಿ ಗೂಡುಗೂಡಾಗಿ ಹೊಲಿದ ಜಾಕೆಟಿಗೆ 1940ರಲ್ಲಿ ಪೇಟೆಂಟ್ ಪಡೆದನು. ಇಂದು ಚಳಿದೇಶಗಳ ಪೇಟೆಬೀದಿಗಳಲ್ಲಿಯೂ ಅಂಥ ಜಾಕೆಟುಗಳು ಸಾಮಾನ್ಯವಾಗಿವೆ. ಮಲಗುವ ಚೀಲ, ರಜಾಯಿ, ದಿಂಬುಗಳಲ್ಲಿಯೂ ತುಪ್ಪುಳು ಇರುತ್ತದೆ.

ಹೀಗೆ ಬಳಸಿದ ಜಾಕೆಟು ಏಕೆ ಕಸವಾಗುತ್ತದೆ? ಹೊರಬಟ್ಟೆಯಾದ ನೈಲಾನ್ ಹರಿಯುತ್ತದೆ, ಜಿಪ್ ಕೆಡುತ್ತದೆ, ಹೊಲಿಗೆ ಬಿಡುತ್ತದೆ. ಒಳಗಿನ ತುಪ್ಪುಳು ಬೆವರು ಮತ್ತು ಮೈಯ ಜಿಡ್ಡನ್ನು ಹೀರಿ ಗಂಟುಗಟ್ಟಿರಬಹುದು. ಆದರೆ ಬಹುಪಾಲು ಸತ್ತಿರುವುದಿಲ್ಲ. ಮೇಲುಹೊದಿಕೆಯ ಆಯಸ್ಸು ತೀರಿದ ಕಾರಣಕ್ಕೆ ಒಳಗಿನ ಆಯಸ್ಸುಳ್ಳ ವಸ್ತುವನ್ನೂ ಎಸೆಯಲಾಗುತ್ತಿದೆ. ಈ ಅಂಶವನ್ನು ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಲ್ಲಿಸಬೇಕು. ಪ್ಲಾಸ್ಟಿಕ್ಕನ್ನೋ ಗಾಜನ್ನೋ ಮರುಬಳಸಲು ಕರಗಿಸಬೇಕು, ತುಪ್ಪುಳನ್ನು ಕರಗಿಸುವಂತಿಲ್ಲ. ಬಿಡಿಸಬೇಕು, ತೊಳೆಯಬೇಕು, ಆರಿಸಬೇಕು.

ಆ ಕೆಲಸವು ಹೀಗೆ ನಡೆಯುತ್ತದೆ. ಸಂಗ್ರಹಿಸಿದ ವಸ್ತುಗಳಲ್ಲಿ ಪಾಲಿಯೆಸ್ಟರ್ ತುಂಬಿದವನ್ನು ಮೊದಲು ಬೇರ್ಪಡಿಸುತ್ತಾರೆ, ಏಕೆಂದರೆ ಒಮ್ಮೆ ಬೆರೆತರೆ ಎರಡನ್ನೂ ಬಿಡಿಸುವುದು ಕಷ್ಟ. ಅನಂತರ ಹೊದಿಕೆಯನ್ನು ಕತ್ತರಿಸಿ ಒಳಗಿನದನ್ನು ಹೀರುಕೊಳವೆಯಿಂದ ಸೆಳೆಯುತ್ತಾರೆ. ಮುರಿದ ಎಳೆಗಳ ಧೂಳನ್ನು ಕೊಡವಿ ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಮತ್ತೆ ಮತ್ತೆ ಜಾಲಿಸಿ, ಹೆಚ್ಚಿನ ಶಾಖದಲ್ಲಿ ಒಣಗಿಸಿ ರೋಗಾಣುಗಳನ್ನು ಕೊಲ್ಲುತ್ತಾರೆ. ಕೊನೆಯದು ಅತ್ಯಂತ ಸುಂದರವಾದ ಹಂತ. ಎತ್ತರವಾದ ಕೋಣೆಗಳಲ್ಲಿ ಕೆಳಗಿನಿಂದ ಗಾಳಿಯನ್ನು ಊದಿದಾಗ ಹಗುರವಾದ ತುಪ್ಪುಳು ಮೇಲೆದ್ದು ತಡೆಗೋಡೆಯನ್ನು ದಾಟಿ ಮುಂದಿನ ಕೋಣೆಗೆ ಬೀಳುತ್ತದೆ. ದಂಟುಳ್ಳ ಗರಿಯು ಹಿಂದೆಯೇ ಉಳಿಯುತ್ತದೆ. ಕಣದಲ್ಲಿ ರಾಶಿ ತೂರುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಶುಚಿಯಾಯಿತೋ ಇಲ್ಲವೋ ಎಂಬುದನ್ನು ತಿಳಿಯಲು ಸ್ವಲ್ಪ ತುಪ್ಪುಳನ್ನು ನೀರಿನಲ್ಲಿ ಕುಲುಕಿ, ಆ ನೀರು ಎಷ್ಟು ತಿಳಿಯಾಗಿದೆ ಎಂದು ಪರೀಕ್ಷಿಸುತ್ತಾರೆ.

ಇಲ್ಲಿ ಅಧ್ಯಾಪಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಮರುಬಳಕೆಯ ತುಪ್ಪುಳು’ ಎಂದೊಡನೆ ಹಳೆಯ ಜಾಕೆಟಿನಿಂದ ಹೊಸ ಜಾಕೆಟು ಬಂದಿತೆಂದು ಭಾವಿಸುತ್ತೇವೆ. ಆದರೆ ಅಮೆರಿಕದ ಪ್ಯಾಟಗೋನಿಯಾ ಸಂಸ್ಥೆಯು ಬಳಸುವ ಇಂಥ ತುಪ್ಪುಳು ಮತ್ತೆ ಮಾರಲಾಗದ ಮೆತ್ತೆ, ಹಾಸಿಗೆ ಮುಂತಾದವುಗಳಿಂದ ಬಂದದ್ದು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದಿಂಬನ್ನು ಒಮ್ಮೆ ಸೀಳಿದರೆ ಒಳಗಿನದೆಲ್ಲ ಕೈಗೆ ಸಿಗುತ್ತದೆ. ಜಾಕೆಟಿನಲ್ಲಿ ಹತ್ತಾರು ಕಿರುಗೂಡುಗಳು, ಒಂದೊಂದರಲ್ಲಿಯೂ ಕೆಲವೇ ಗ್ರಾಂ. ಅದನ್ನು ಬಿಡಿಸುವ ಕೂಲಿ ಹೆಚ್ಚು. ಜಪಾನಿನ ಯುನಿಕ್ಲೋ ಸಂಸ್ಥೆಯು ಗ್ರಾಹಕರಿಂದ ತನ್ನದೇ ಹಳೆಯ ಉಡುಪುಗಳನ್ನು ಹಿಂಪಡೆದು, ಅವುಗಳ ತುಪ್ಪುಳಿನಿಂದ ಮಾಡಿದ ಜಾಕೆಟನ್ನು 2020ರಲ್ಲಿ ಹೊರತಂದಿತು. ಕತ್ತರಿಸಿ ಬೇರ್ಪಡಿಸುವ ಕೆಲಸಕ್ಕೆ ಟೋರೇ ಎಂಬ ಕಂಪನಿಯು ಯಂತ್ರವನ್ನೇ ರೂಪಿಸಬೇಕಾಯಿತು. ಹೊಲಿಯುವಾಗಲೇ ಬಿಡಿಸುವುದನ್ನೂ ಯೋಚಿಸಿದ್ದರೆ ಈ ಶ್ರಮವು ಇಷ್ಟಾಗುತ್ತಿರಲಿಲ್ಲವೆಂದು ನನಗೆ ಅನ್ನಿಸುತ್ತದೆ.

ಹಕ್ಕಿಗಳ ವಿಷಯವನ್ನೂ ಮರೆಮಾಚಬಾರದು. ತುಪ್ಪುಳು ಬಹುಮಟ್ಟಿಗೆ ಮಾಂಸೋದ್ಯಮದ ಉಪೋತ್ಪನ್ನ. ಕೆಲವೆಡೆ ಜೀವಂತ ಹಕ್ಕಿಯಿಂದಲೇ ಕಿತ್ತುಕೊಳ್ಳುವ ಕ್ರೌರ್ಯವೂ ಬೆಳಕಿಗೆ ಬಂದಿತ್ತು. ಅದನ್ನು ನಿಷೇಧಿಸುವ ಸ್ವಯಂಪ್ರೇರಿತ ಮಾನದಂಡವೊಂದು 2014ರಲ್ಲಿ ಜಾರಿಗೆ ಬಂದಿತು. ಮರುಬಳಕೆಯಿಂದ ಹೊಸ ತುಪ್ಪುಳಿನ ಬೇಡಿಕೆಯು ತಗ್ಗಬಹುದು. ಆದರೆ ಹಕ್ಕಿಯನ್ನು ಮಾಂಸಕ್ಕಾಗಿ ಸಾಕುವವರೆಗೆ ಅದರಿಂದ ಹಕ್ಕಿಯ ಪ್ರಾಣ ಉಳಿಯಿತೆಂದು ಹೇಳುವಂತಿಲ್ಲ. ಈ ಎರಡು ಮಾತುಗಳನ್ನೂ ಮಕ್ಕಳ ಮುಂದಿಟ್ಟು ಚರ್ಚೆಗೆ ಬಿಡಬೇಕು.

ತರಗತಿಯಲ್ಲಿ

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ನಮ್ಮ ಮಕ್ಕಳು ತುಪ್ಪುಳಿನ ಜಾಕೆಟನ್ನು ಕಂಡಿರಲಿಕ್ಕಿಲ್ಲ. ಆದರೆ ಕೌದಿಯನ್ನು ಹೊದೆಯದ ಮಗುವಿಲ್ಲ. ನೆರೆಮನೆಯ ಮರಾಠಿ ಮಗು ಅದನ್ನೇ ಗೋಧಡಿ ಎನ್ನುತ್ತದೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹೊಲಿದ ಕೌದಿಯಲ್ಲಿಯೂ ಪದರಗಳ ನಡುವಿನ ಗಾಳಿಯೇ ಬೆಚ್ಚಗಿಡುತ್ತದೆ. ಇನ್ನೂ ಹತ್ತಿರದ ಹೋಲಿಕೆಯು ಗಾದಿಯದು. ವರ್ಷಗಟ್ಟಲೆ ಮಲಗಿ ಹಲಗೆಯಂತಾದ ಗಾದಿಯನ್ನು ಬಿಚ್ಚಿ, ಹತ್ತಿಯನ್ನು ಬಿಲ್ಲಿನಿಂದ ಹಿಂಜಿ, ಧೂಳು ಹಾರಿಸಿ, ಮತ್ತೆ ತುಂಬಿ ಹೊಲಿದು ಕೊಡುವ ಪಿಂಜಾರರ ಕಸುಬು ತುಪ್ಪುಳಿನ ಕಾರ್ಖಾನೆಯ ಕೆಲಸಕ್ಕೆ ಒಡಹುಟ್ಟಿದ್ದು. ಊರಿನಲ್ಲಿ ಹಿಂಜುವವರು ಇನ್ನೂ ಇದ್ದರೆ ಅವರನ್ನು ಗೌರವದಿಂದ ಶಾಲೆಗೆ ಕರೆದು ಮಾತನಾಡಿಸಿರಿ. ಆ ಮನೆತನದ ಮಗು ತರಗತಿಯಲ್ಲಿದ್ದರೆ ಬೆರಳು ಮಾಡಿ ತೋರಿಸದೆ, ಬಂದವರನ್ನು ಅತಿಥಿಯೆಂದು ಪರಿಚಯಿಸುವುದು ಅಧ್ಯಾಪಕರ ಹೊಣೆ.

ಪ್ರಯೋಗಕ್ಕೆ ಹಳೆಯ ಗಾದಿಯ ಹತ್ತಿಯಲ್ಲಿ ಸಮತೂಕದ ಎರಡು ಪಾಲು ಬೇಕು. ಒಂದನ್ನು ಚೆನ್ನಾಗಿ ಹಿಂಜಿರಿ. ಇನ್ನೊಂದು ಗಂಟಾಗಿಯೇ ಇರಲಿ. ಎರಡು ಸ್ಟೀಲ್ ಲೋಟಗಳನ್ನು ಸ್ವಲ್ಪ ದೊಡ್ಡದಾದ ಎರಡು ಡಬ್ಬಿಗಳಲ್ಲಿಟ್ಟು, ಸುತ್ತಲಿನ ಸಂದಿಯಲ್ಲಿ ಒಂದೊಂದು ಪಾಲನ್ನು ತುಂಬಿರಿ. ಲೋಟಗಳಿಗೆ ಒಂದೇ ಅಳತೆಯ, ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿನ ನೀರನ್ನು ಅಧ್ಯಾಪಕರೇ ಹೊಯ್ದು, ರಟ್ಟಿನಿಂದ ಮುಚ್ಚಿ, ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆಯಿಸಿರಿ. ಗಂಟುಹತ್ತಿಯು ಸಂದಿಯನ್ನು ತುಂಬದೆ ಅಲ್ಲಲ್ಲಿ ತೆರಪು ಉಳಿಯುತ್ತದೆ. ಆಗ ಚುರುಕಾದ ವಿದ್ಯಾರ್ಥಿಯು, ತೆರಪಿನಲ್ಲಿಯೂ ಗಾಳಿಯಿದೆಯಲ್ಲ ಎಂದು ಕೇಳಬಹುದು. ಕೇಳದಿದ್ದರೆ ನೀವೇ ಕೇಳಿರಿ. ತೆರಪಿನ ಗಾಳಿಯು ಸುತ್ತಾಡಿ ಸಂವಹನದಿಂದ ಶಾಖವನ್ನು ಒಯ್ಯುತ್ತದೆ. ಎಳೆಗಳ ನಡುವೆ ಸಿಲುಕಿದ ಗಾಳಿಗೆ ಆ ಸ್ವಾತಂತ್ರ್ಯವಿಲ್ಲ.

ಕಾಲವಿದ್ದರೆ ಹಿಂಜಿದ ಹತ್ತಿಯನ್ನೇ ಒದ್ದೆಮಾಡಿ ಮತ್ತೊಮ್ಮೆ ನೋಡಬಹುದು. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮಳೆಯಲ್ಲಿ ತೊಯ್ದ ತುಪ್ಪುಳಿನ ಜಾಕೆಟು ಪರ್ವತದ ಮೇಲೆ ಏಕೆ ಅಪಾಯಕಾರಿ ಎಂಬುದಕ್ಕೆ ಉತ್ತರವನ್ನು ಮಕ್ಕಳೇ ಹೇಳುತ್ತಾರೆ.

ಹತ್ತಿಯನ್ನು ಹಿಂಜುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಉಬ್ಬಸವುಳ್ಳ ಮಕ್ಕಳು ದೂರದಲ್ಲಿ ಕುಳಿತು ಉಷ್ಣತೆಯ ಪಟ್ಟಿಯನ್ನು ಬರೆಯಲಿ. ಕೋಳಿಯಂಗಡಿಯಿಂದ ಹಸಿ ಗರಿಗಳನ್ನು ತರಿಸಬೇಡಿರಿ, ಹಕ್ಕಿಜ್ವರವೂ ಸೇರಿದಂತೆ ಅದರಿಂದ ಸೋಂಕಿನ ಭಯವಿದೆ. ಗರಿಯ ರಚನೆಯನ್ನು ತೋರಿಸಲು ಹಲಗೆಯ ಮೇಲಿನ ಚಿತ್ರ ಸಾಕು.