ಹಳ್ಳದ ಕಲ್ಲಿನಡಿಯ ಹುಳಕ್ಕೂ ಒಂದು ಹೆಸರು ಬೇಕು

ಗೊಬ್ಬರ, ಕೊಳೆರೋಗ, ಕೀಟಬಾಧೆ ಅಂತ ವಾರವಾರವೂ ಬರೀತಾ ಇರುತ್ತೇನೆ. ಈ ವಾರ ನಮ್ಮ ಅಡಿಕೆ, ಮೆಣಸನ್ನು ಮುಟ್ಟದ ಒಂದು ಹುಳದ ವಿಷಯ. ಆದರೆ ಓದಿ ಮುಗಿಸುವಷ್ಟರಲ್ಲಿ ಇದೂ ತೋಟದ ವಿಷಯವೇ ಅಂತ ನಿಮಗೆ ಅನ್ನಿಸೀತು.

ಯಾವುದು ಈ ಹುಳ?

ಮಲೆನಾಡಿನ ಹಳ್ಳದಲ್ಲಿ, ನೀರು ಚೆನ್ನಾಗಿ ಹರಿಯುವ ಕಡೆ ಒಂದು ಕಲ್ಲು ಮಗುಚಿ ನೋಡಿ. ಮರಳಿನ ಕಣ, ಎಲೆಚೂರು, ಕಡ್ಡಿ ಅಂಟಿಸಿ ಕಟ್ಟಿದ ಪುಟ್ಟ ಕೊಳವೆ ಸಿಗಬಹುದು. ಒಳಗೆ ಕೂತಿರುವುದು ಕ್ಯಾಡಿಸ್‌ಫ್ಲೈ ಎಂಬ ಕೀಟದ ಮರಿಹುಳ. ಹೆಸರಲ್ಲಿ ಫ್ಲೈ ಇದ್ದರೂ ಇದು ನೊಣ ಅಲ್ಲ, ಚಿಟ್ಟೆ ಮತ್ತು ಪತಂಗಗಳ ಹತ್ತಿರದ ನೆಂಟ. ಪತಂಗದ ರೆಕ್ಕೆಯ ಮೇಲೆ ಪುಡಿಯಂಥ ಹುರುಪೆ ಇದ್ದರೆ, ಇದರ ರೆಕ್ಕೆಯ ಮೇಲೆ ಸಣ್ಣ ಕೂದಲು. ರೇಷ್ಮೆ ಹುಳದ ಹಾಗೇ ಇದೂ ಬಾಯಿಂದ ನೂಲು ತೆಗೆಯುತ್ತದೆ, ಅದೂ ನೀರಿನೊಳಗೆ! ಆ ನೂಲೇ ಅದರ ಮನೆಗೆ ಗಾರೆ. ಕೆಲವು ಜಾತಿಗಳು ಮನೆ ಹೊರುವ ಬದಲು ಬಲೆ ನೇಯ್ದು, ತೇಲಿ ಬಂದದ್ದನ್ನು ಹಿಡಿದು ತಿನ್ನುತ್ತವೆ. ಬೆಳೆದ ಮೇಲೆ ಕಂದು ರೆಕ್ಕೆಯ ಹುಳವಾಗಿ ಹೊರಬಂದು ರಾತ್ರಿ ದೀಪಕ್ಕೆ ಹಾರಿ ಬರುತ್ತವೆ.

ಜಗತ್ತಿನಲ್ಲಿ ಇವುಗಳ 16,000ಕ್ಕೂ ಹೆಚ್ಚು ಜಾತಿಗಳಿಗೆ ಹೆಸರು ಸಿಕ್ಕಿದೆ. ಹೆಸರು ಸಿಗದವು ಇನ್ನೂ ಬೇಕಾದಷ್ಟಿವೆ.

ಕೊಸೊವೊದ ಒಂದು ಹಳ್ಳ

ಯುರೋಪಿನ ಬಾಲ್ಕನ್ ಪ್ರದೇಶದಲ್ಲಿ ಕೊಸೊವೊ ಎಂಬ ಪುಟ್ಟ ದೇಶವಿದೆ. ಅಲ್ಲಿನ ಬ್ಯೆಷ್ಕೆತ್ ಎ ನೆಮುನ ರಾಷ್ಟ್ರೀಯ ಉದ್ಯಾನದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಬಯಲಿನಲ್ಲಿ ಪ್ರೊ. ಹಲಿಲ್ ಇಬ್ರಾಹಿಮಿ ಅವರ ತಂಡ ಕೆಲವು ಕ್ಯಾಡಿಸ್‌ಫ್ಲೈಗಳನ್ನು ಹಿಡಿದಿತ್ತು. ಅದು ಹೊಸ ಜಾತಿ ಅಂತ ಪ್ರಬಂಧ ಪ್ರಕಟವಾದದ್ದು ವರ್ಷಗಳ ನಂತರ, 2021ರಲ್ಲಿ. ಪ್ರಬಂಧ ಸಿದ್ಧವಾದದ್ದು ಕೊರೊನಾ ಕಾಲದಲ್ಲಿ. ಹಾಗಾಗಿ ಪೊಟಮೊಫೈಲಾಕ್ಸ್ ಕೊರೊನಾವೈರಸ್ ಅಂತ ಹೆಸರಿಟ್ಟರು.

ಹಿಡಿದದ್ದಕ್ಕೂ ಹೆಸರಿಟ್ಟದ್ದಕ್ಕೂ ನಡುವೆ ಅಷ್ಟು ವರ್ಷ ಏಕೆ? ಕಣ್ಣಿಗೆ ಬಿದ್ದ ಮಾತ್ರಕ್ಕೆ ಹೊಸ ಜಾತಿ ಆಗುವುದಿಲ್ಲ. ಹತ್ತಿರದ ಜಾತಿಗಳ ರೆಕ್ಕೆ, ಬಣ್ಣ ನೋಡಿದರೆ ಎಲ್ಲಾ ಒಂದೇ ಥರ. ವ್ಯತ್ಯಾಸ ಇರುವುದು ಮುಖ್ಯವಾಗಿ ಗಂಡಿನ ಹೊಟ್ಟೆಯ ತುದಿಯಲ್ಲಿ, ಜನನಾಂಗದ ಆಕಾರದಲ್ಲಿ. ಆ ಭಾಗವನ್ನು ಕ್ಷಾರದ ದ್ರಾವಣದಲ್ಲಿಟ್ಟು ಮಾಂಸ ಕರಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದು ಮುಳ್ಳು, ಒಂದೊಂದು ಬಾಗನ್ನೂ ಚಿತ್ರ ಬರೆಯಬೇಕು. ಗೊತ್ತಿರುವ ಎಲ್ಲ ನೆಂಟರ ಜೊತೆ ಹೋಲಿಸಬೇಕು. ಒಂದು ಹುಳವನ್ನು ‘ಮೂಲ ಮಾದರಿ’ ಅಂತ ಆರಿಸಿ, ಮುಂದೆ ಯಾರು ಬೇಕಾದರೂ ಪರೀಕ್ಷಿಸುವ ಹಾಗೆ ಸಂಗ್ರಹದಲ್ಲಿಡಬೇಕು. ಅದು ಸಿಕ್ಕ ಜಾಗವನ್ನು ಸರಿಯಾಗಿ ದಾಖಲಿಸಬೇಕು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಇದು ಆ ಹುಳಕ್ಕೂ ಹಳ್ಳಕ್ಕೂ ಪಹಣಿ ಬರೆದ ಹಾಗೆ.

ಆ ಪಹಣಿ ಯಾಕೆ ಮುಖ್ಯ? ಈ ಹುಳ ಸಿಕ್ಕ ಡೆಚಾನ್ ನದಿಯಲ್ಲಿ ಜಲವಿದ್ಯುತ್ ಘಟಕ ಬಂದು, ನದಿಯ ಹರಿವೇ ಹಾಳಾಗುತ್ತಿದೆ ಅಂತ ವಿಜ್ಞಾನಿಗಳು ಮತ್ತು ಜನ ಜಗಳ ನಡೆಸಿದ್ದಾರೆ. ಹೆಸರಿದ್ದರೆ ‘ಇಂಥದ್ದು ಇಲ್ಲಿದೆ, ಇದನ್ನು ಉಳಿಸಿ’ ಅಂತ ಕೇಳಬಹುದು. ಹೆಸರಿಲ್ಲದ್ದು ಸತ್ತರೆ ಲೆಕ್ಕಕ್ಕೂ ಬರುವುದಿಲ್ಲ.

ನನ್ನ ಹಳ್ಳದ ಮಾತು

ಈಗ ನನ್ನ ತಪ್ಪು ಹೇಳಿಕೊಳ್ಳುತ್ತೇನೆ. ತೋಟಗಾರಿಕೆ ಪದವಿ ಓದುವಾಗ ಈ ಕೀಟದ ಗುಂಪಿನ ಹೆಸರು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ತೋಟಕ್ಕೆ ಬಂದ ಮೇಲೆ ಮಳೆಗಾಲದಲ್ಲಿ ಬೋರ್ಡೋ ಹೊಡೆಸಿ, ಡ್ರಮ್ ಮತ್ತು ಪೈಪನ್ನು ಹಳ್ಳದಲ್ಲೇ ತೊಳೀತಿದ್ದೆ. ಸಾವಯವದವರಿಗೂ ಮೈಲುತುತ್ತ, ಸುಣ್ಣಕ್ಕೆ ಮಿತಿಯೊಳಗೆ ಅನುಮತಿ ಇದೆಯಲ್ಲ, ಇನ್ನೇನು ಭಯ ಅಂತ ಧೈರ್ಯ. ಒಂದು ವರ್ಷ ಮಳೆ ಕಳೆದ ಮೇಲೆ ಮಗಳು ಕಲ್ಲು ಮಗುಚುತ್ತಾ, “ಮೇಲ್ಗಡೆ ಮನೆ ಹುಳ ಇದೆ, ಇಲ್ಲಿ ಯಾಕಿಲ್ಲ?” ಅಂತ ಕೇಳಿದಳು. ‘ಇಲ್ಲಿ’ ಅಂದರೆ ನಾನು ಡ್ರಮ್ ತೊಳೆಯುವ ಜಾಗದ ಕೆಳಗೆ. ಅದಕ್ಕೆ ತಾಮ್ರವೇ ಕಾರಣ ಅಂತ ಒಂದೇ ನೋಟದಲ್ಲಿ ಹೇಳಲಾಗದು. ಆದರೆ ತಾಮ್ರ ಜಲಚರಗಳಿಗೆ ವಿಷ ಅನ್ನುವುದು ಪುಸ್ತಕದಲ್ಲೇ ಓದಿದ್ದೆ. ಅವತ್ತಿಂದ ಹಳ್ಳದಲ್ಲಿ ತೊಳೆಯುವುದು ಬಿಟ್ಟೆ.

ನೀವೂ ಮಾಡಿ ನೋಡಿ

1. ಮಳೆ ನಿಂತು ನೀರು ತಿಳಿಯಾದ ಮೇಲೆ, ನವೆಂಬರ್–ಡಿಸೆಂಬರ್‌ನಲ್ಲಿ, ತೋಟದ ಮೇಲ್ಭಾಗದಲ್ಲಿ ಹತ್ತು, ಕೆಳಭಾಗದಲ್ಲಿ ಹತ್ತು ಕಲ್ಲು ಮಗುಚಿ. ಎರಡೂ ಕಡೆ ಹರಿವು ಮತ್ತು ಕಲ್ಲಿನ ಗಾತ್ರ ಒಂದೇ ಥರ ಇರಲಿ.
2. ಕೊಳವೆ ಅಥವಾ ಬಲೆ ಇರುವ ಕಲ್ಲು ಎಷ್ಟು ಅಂತ ಬರೆದಿಡಿ. ಹುಳ ಕೀಳಬೇಡಿ, ಕಲ್ಲು ಇದ್ದ ಹಾಗೇ ಇಡಿ.
3. ಕೆಳಗೆ ತೀರಾ ಕಡಿಮೆ ಇದ್ದರೆ ಔಷಧಿ, ಕೊಟ್ಟಿಗೆ ನೀರು, ಕೊಚ್ಚಿ ಬಂದ ಮಣ್ಣು, ಮೂರನ್ನೂ ಅನುಮಾನಿಸಿ. ಮುಂದಿನ ವರ್ಷ ಮತ್ತೆ ಎಣಿಸಿ.
4. ಡ್ರಮ್, ಪೈಪು ತೊಳೆದ ನೀರು ಹಳ್ಳಕ್ಕೂ ಬಾವಿಗೂ ಹೋಗದಿರಲಿ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಬಳಸುವವರಿಗಂತೂ ಇದು ಕಡ್ಡಾಯ, ನೀರಿನ ಹುಳಗಳಿಗೆ ಅದು ಅತಿ ಅಲ್ಪ ಪ್ರಮಾಣದಲ್ಲೂ ಅಪಾಯ.
5. ಹಳ್ಳದ ದಂಡೆಯ ಗಿಡಗಂಟಿ ಸವರಬೇಡಿ. ಉದುರುವ ಎಲೆ ಈ ಹುಳಗಳಿಗೆ ಊಟವೂ ಹೌದು, ಮನೆಯೂ ಹೌದು.

ನನ್ನ ಹಳ್ಳದ ಹುಳ ಯಾವ ಜಾತಿಯೋ, ಅದಕ್ಕೆ ಹೆಸರಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತುಮಾಡಬಲ್ಲವರು ಒಂದು ದಿನ ಬಂದು ಕಲ್ಲು ಮಗುಚುವಾಗ ಅದು ಅಲ್ಲಿರಬೇಕು. ಅಷ್ಟನ್ನು ಮಾತ್ರ ನಾವು ರೈತರು ಮಾಡಬಲ್ಲೆವು.